ನೇಣುಗಂಬ ಬಿಗಿಯಲು ಬಂದ ಆಚಾರಿ

"ಕೇಳಿರಪ್ಪೋ ಕೇಳಿ! ಅರಸು ಮಗಳು ಪದುಮಲೆ ಒಗಟು ಹೇಳುತ್ತಾಳೆ. ಒಟ್ಟು ಮೂರು. ಮೂರನ್ನೂ ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ನೇಣು!"

ತೊರೆಗಡದ ಅರಸ ಚಂದಯ್ಯ ಹೀಗೆಂದು ಡಂಗುರ ಹೊಡೆಸಿದ. ಆ ರಾಜ್ಯದಲ್ಲಿ ಅರಸನೂ ಇದ್ದ, ಕರೆಂಟೂ ಇತ್ತು. ಕರೆಂಟಿನ ಹಾಗೇ ಅರಮನೆಯವರ ಬುದ್ಧಿಯೂ ಆಗಾಗ ಹೋಗಿ ಬರುತ್ತಿತ್ತು. ಒಗಟು ಮಗಳದ್ದು, ನೇಣು ಮಾತ್ರ ಅಪ್ಪನದ್ದು.

ಮೊದಲು ಬಂದವನು ನೆರೆರಾಜ್ಯದ ರಾಜಕುಮಾರ. ಪದುಮಲೆ ಕೇಳಿದಳು: "ಅದರ ಬಾಲ ಗೋಡೆಯಲ್ಲಿ. ಬಾಲ ಗೋಡೆಯಲ್ಲಿ ಇರುವಷ್ಟು ಹೊತ್ತು ಬೆಳಗಿನಿಂದ ಸಂಜೆಯವರೆಗೆ ದುಡಿದರೂ ದಣಿವಿಲ್ಲ. ಕಿತ್ತರೆ ಅಲ್ಲೇ ಹೆಣ. ಬಾಲ ಎಷ್ಟುದ್ದವೋ ಅದರ ಓಡಾಟ ಅಷ್ಟೇ. ಏನದು?"

"ಹಲ್ಲಿ!" ಎಂದ ರಾಜಕುಮಾರ.

"ಬಾಲ ಕಳಚಿದರೂ ಹಲ್ಲಿ ಓಡಿಹೋಗಿ ಬದುಕಿಕೊಳ್ಳುತ್ತದೆ. ನಿಮಗೆ ಆ ಭಾಗ್ಯವೂ ಇಲ್ಲ," ಎಂದಳು ಅವಳು. ಭಟರು ಅವನನ್ನು ಕರೆದೊಯ್ದರು.

ಎರಡನೆಯವನು ದಂಡನಾಯಕನ ಮಗ. ಅವನಿಗೆ ಎರಡನೆಯ ಒಗಟನ್ನೇ ಮೊದಲು ಕೇಳಿದಳು: "ಬುತ್ತಿಯನ್ನು ಮೈಗೇ ಕಟ್ಟಿಕೊಂಡಿರುತ್ತದೆ. ಮರದ ತುದಿಗೂ ಬರುತ್ತದೆ, ಬಾವಿಯ ತಳಕ್ಕೂ ಇಳಿಯುತ್ತದೆ. ಬುತ್ತಿ ಮುಗಿದರೆ ಅರ್ಧ ಕೆಲಸದಲ್ಲೇ ನಿದ್ದೆ. ವಯಸ್ಸಾದಂತೆ ಬುತ್ತಿ ಕಿರಿದಾಗುತ್ತದೆ, ಹೊಸ ಬುತ್ತಿಗೆ ಹೋದರೆ ಬೆಲೆ ಕೇಳಿಯೇ ತಲೆ ತಿರುಗುತ್ತದೆ. ಏನದು?"

"ನಮ್ಮಪ್ಪನ ಸಿಪಾಯಿ," ಎಂದ ಅವನು. ಸಭೆ ನಕ್ಕಿತು, ಅರಸ ನಗಲಿಲ್ಲ. ಮೂರನೆಯವನು ಪಂಡಿತ. ಎರಡು ಒಗಟನ್ನೂ ಒಟ್ಟಿಗೆ ಕೇಳಿಸಿಕೊಂಡು, ಒಂದು ಜೀವಾತ್ಮ ಮತ್ತೊಂದು ಪರಮಾತ್ಮ ಎಂದು ಒಂದು ಗಳಿಗೆ ವ್ಯಾಖ್ಯಾನ ಮಾಡಿದ. ಅವನನ್ನೂ ಕರೆದೊಯ್ದರು.

ಆಗ ಒಂದು ತೊಡಕಾಯಿತು. ಕೋಟೆಯ ಮುಂದಿನ ನೇಣುಗಂಬ ಹಳೆಯದು, ಮೇಲಿನ ತೊಲೆಯ ಬೋಲ್ಟುಗಳು ಸಡಿಲವಾಗಿ ಅಲ್ಲಾಡುತ್ತಿತ್ತು. ಬಿಗಿಯಲು ಬಡಗಿ ಕಾಳಾಚಾರಿಗೆ ಹೇಳಿಕಳಿಸಿದರು. ಹೆಗಲಿಗೊಂದು ಗೋಣಿಚೀಲ ಏರಿಸಿ ಬಂದ ಆ ಹುಡುಗ, ಕಂಬವನ್ನು ನೋಡಿದ, ಕಂಬದ ಕೆಳಗೆ ಕೈಕಟ್ಟಿ ಕೂರಿಸಿದ್ದ ಮೂವರನ್ನೂ ನೋಡಿದ. ರಾಜಕುಮಾರ ಗೊಳೋ ಎಂದು ಅಳುತ್ತಿದ್ದ. ಕಾಳಾಚಾರಿ ಕೊರೆದ ತೂತುಗಳಲ್ಲಿ ಇಷ್ಟು ದಿನ ಬಾಗಿಲು ನಿಂತಿದ್ದವು, ತೊಟ್ಟಿಲು ತೂಗಿದ್ದವು.

"ಬುದ್ಧೀ," ಎಂದ ಸಭೆಯಲ್ಲಿದ್ದ ಅರಸನ ಮುಂದೆ ಹೋಗಿ, "ಬಿಗಿಯೋಕ್ ಮುಂಚೆ ನಾನೂ ಒಂದ್ ಸಲ ಒಗಟು ಬಿಡಿಸಿ ನೋಡ್ಬೋದಾ? ಗೆದ್ರೆ ಆ ಮೂವರ್ನೂ ಬಿಟ್ಬುಡಿ."

"ಸೋತರೆ ನಾಲ್ಕನೆಯ ಹಗ್ಗ ನಿನಗೆ. ಕಂಬ ಬಿಗಿದುಕೊಟ್ಟೇ ಸಾಯಬೇಕು," ಎಂದ ಅರಸ.

"ಆಗ್ಲಿ ಬುದ್ಧಿ."

ಪದುಮಲೆ ಒಂದನೆಯದನ್ನು ಹೇಳಿ ಮುಗಿಸುವುದರೊಳಗೆ ಅವನು ಚೀಲಕ್ಕೆ ಕೈ ಹಾಕಿ, ಉದ್ದ ವೈರು ಸುತ್ತಿದ್ದ ಡ್ರಿಲ್ ಮಿಷಿನ್ ತೆಗೆದ. "ಇದೇ ಅಮ್ಮಣ್ಣಿ. ಬಾಲ ಪ್ಲಗ್ಗಲ್ಲಿರ್ಬೇಕು ಅಷ್ಟೇಯ." ಎರಡನೆಯದಕ್ಕೆ ಬ್ಯಾಟರಿ ಡ್ರಿಲ್ಲು ತೆಗೆದ. "ಇವ್ನ್ ಬುತ್ತಿ ನೆನ್ನೇನೆ ಅರ್ಧ ಆಗೈತೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಪದುಮಲೆ ಮುಂದಕ್ಕೆ ಬಾಗಿದಳು. "ಮೂರನೆಯದು. ಈ ಎರಡರಲ್ಲಿ ದೊಡ್ಡದು ಯಾವುದು? ಅರಮನೆ ಯಾವುದನ್ನು ಇಟ್ಟುಕೊಳ್ಳಬೇಕು?"

"ಬ್ಯಾಟರಿದು ಅನ್ನೋ!" ಎಂದು ಪ್ರಾಯದವರು ಕೂಗಿದರು. "ವೈರಿಂದು ಅನ್ನು!" ಎಂದರು ವಯಸ್ಸಾದವರು. ಕಾಳಾಚಾರಿ ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ನೋಡಿದ. ಯಾವುದನ್ನು ಹೇಳಿದರೂ ಇನ್ನೊಂದಕ್ಕೆ ಅನ್ಯಾಯ, ಹೇಳದಿದ್ದರೆ ನಾಲ್ಕು ಕುತ್ತಿಗೆ. ಕೊನೆಗೆ ದಿನವೂ ಕೆಲಸಕ್ಕೆ ಕರೆಯಲು ಬಂದವರನ್ನು ಕೇಳುವುದನ್ನೇ ಕೇಳಿದ.

"ಕೆಲ್ಸ ಎಲ್ಲೈತೆ ಅಮ್ಮಣ್ಣಿ?"

"ಒಗಟಿಗೆ ಒಗಟು ಹಾಕುತ್ತೀಯಾ?" ಅರಸ ಎದ್ದು ನಿಂತ. "ಹಗ್ಗ ತನ್ನಿ!"

"ಕೂತುಕೊಳ್ಳಿ ಅಪ್ಪಾಜಿ, ಅವನು ಬಿಡಿಸಿಬಿಟ್ಟ," ಎಂದಳು ಪದುಮಲೆ. ಅವಳ ಕಣ್ಣು ತುಂಬಿತ್ತು. "ಕೆರೆಯಿಂದ ನೀರು ಬಿಡುವ ತೂಬು ಕೂರಿಸುವಾಗ ಬ್ಯಾಟರಿಯದೇ ದೊಡ್ಡದೆಂದು ಅದನ್ನೇ ಕಳಿಸಿದಿರಿ. ನಾಲ್ಕು ಬೋಲ್ಟು ಉಳಿದಿರುವಾಗ ಬ್ಯಾಟರಿ ಮುಗಿದು ಡ್ರಿಲ್ಲುಗಳೆಲ್ಲ ನಿಂತವು, ಆ ವರ್ಷದ ಮಳೆಗೆ ತೂಬು ಕಿತ್ತುಹೋಗಿ ಕೆಳಗಿನ ಕೇರಿ ಕೊಚ್ಚಿಹೋಯಿತು. ಮರುವರ್ಷ ಮತ್ತೆ ಕೂರಿಸುವಾಗ ವೈರಿನದೇ ದೊಡ್ಡದೆಂದಿರಿ. ವೈರು ನೀರಲ್ಲಿ ಬಿದ್ದು ಶಾಕ್ ಹೊಡೆದು ಕೆಲಸಗಾರ ತಿಮ್ಮಬೋವಿ ಸತ್ತ. ಎರಡು ಸಲವೂ ಕೆಲಸ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ."

ಅರಸ ಕುಳಿತ. ಆಮೇಲೆ, "ಬಿಡಿಸಿ ಹೇಳಪ್ಪ," ಎಂದ.

"ಕಲ್ಲು ಕೊರೆಯೋದು, ದಿನವೆಲ್ಲ ಒಂದೇ ಕಡೆ ಕುಂತು ಮಾಡೋದು ಇದ್ರೆ ವೈರಿಂದು ಬುದ್ಧಿ. ಜೋರು ಜಾಸ್ತಿ, ಕಾಸು ಕಮ್ಮಿ. ಆದ್ರೆ ವೈರು ಕಾಲಿಗ್ ತೊಡರ್ತದೆ, ನೀರಿನ್ ಹತ್ರ ಬ್ಯಾಡ್ವೇ ಬ್ಯಾಡ. ಏಣಿ ಮೇಲೆ, ಪ್ಲಗ್ ಇಲ್ಲದ್ ಹೊಲ್ದಾಗೆ, ತೂಬಿನ್ ಹತ್ರ ಬ್ಯಾಟರಿದು. ಜೊತೇಲಿ ತುಂಬಿದ್ ಬ್ಯಾಟರಿ ಇನ್ನೊಂದ್ ಮಡೀಕಬೇಕು. ಅದಕ್ಕೇ ನನ್ ಚೀಲ್ದಾಗೆ ಎರಡೂ ಇರ್ತವೆ."

"ಮೂವರನ್ನೂ ಬಿಡಿ," ಎಂದ ಅರಸ. "ನಿನಗೆ ಇನ್ನೇನು ಬೇಕು, ಕೇಳು."

"ಆ ಕಂಬ ಬುದ್ಧಿ. ಒಳ್ಳೆ ತೇಗದ್ದು."

ಅಂದೇ ಬಿಚ್ಚಲು ಶುರುಮಾಡಿದರು. ಬುಡದ ಬೋಲ್ಟು ಕಲ್ಲಿನೊಳಗೆ ಕೂತಿದ್ದವು, ಅರಮನೆಯಿಂದ ವೈರು ಎಳೆದು ಕಲ್ಲು ಕೊರೆದು ಸಡಿಲಿಸಿದ. ಮೇಲಿನ ತೊಲೆಗೆ ಬ್ಯಾಟರಿಯದನ್ನು ಹಿಡಿದು ಏಣಿ ಹತ್ತಿದ. ಬಿಡುಗಡೆಯಾದ ಮೂವರು ಏಣಿ ಹಿಡಿದುಕೊಂಡರು. ಕೊನೆಯ ಬೋಲ್ಟಿಗೆ ಬರುವಷ್ಟರಲ್ಲಿ ಮಿಷಿನ್ ಗೊರ್ರೆಂದು ನಿಂತೇಬಿಟ್ಟಿತು. ಇನ್ನೊಂದು ಬ್ಯಾಟರಿಯನ್ನು ಅವನು ಮನೆಯಲ್ಲೇ ಮರೆತು ಬಂದಿದ್ದ.

ಕಾಳಾಚಾರಿ ನಾಲಿಗೆ ಕಚ್ಚಿಕೊಂಡ. ಪದುಮಲೆ ನಗುತ್ತ ಚೀಲದಲ್ಲಿ ತಡಕಿ, ತಳದಲ್ಲಿದ್ದ ಹಳೆಯ ಸ್ಪ್ಯಾನರು ಹಿಡಿದು ಏಣಿ ಹತ್ತಿದಳು. ಇಬ್ಬರೂ ಒಟ್ಟಿಗೆ ಕೈಯಲ್ಲೇ ತಿರುಗಿಸಿ ಆ ಬೋಲ್ಟನ್ನು ಬಿಚ್ಚಿದರು. ಮದುವೆ ಕೆರೆ ಏರಿಯ ಮೇಲೆ ಆಯಿತು. ಹೊಸ ತೂಬಿಗೆ ಆ ನೇಣುಗಂಬದ ತೇಗದಿಂದ ಮಾಡಿದ ಬಾಗಿಲನ್ನೇ ಕೂರಿಸಿದ್ದರು, ಕೆಳಗಿನ ಕೇರಿಯವರೆಲ್ಲ ಊಟಕ್ಕೆ ಬಂದಿದ್ದರು.