ಬುಧವಾರದ ಆಟಗಾರ

"ಬುದ್ಧಿ, ಮೊದಲು ಬೇಡವೆಂದು ಬಿಟ್ಟವನನ್ನು ಆಮೇಲೆ ಯಾರೋ ಬಾ ಎಂದು ಕರೆದರೆ, ಅವನು ಹೋಗಬಹುದೇ?" ಎಂದು ಶಿಷ್ಯ ಕೇಳಿದ.

ಪ್ರಶ್ನೆಗೆ ಕಾರಣವಿತ್ತು. ಆ ವರ್ಷ ಮಠದ ಹಿರಿಯರು ಪ್ರವಚನಕ್ಕೆಂದು ಮೂವರನ್ನು ಆರಿಸಿ ಮೂರು ಊರುಗಳಿಗೆ ಕಳಿಸಿದ್ದರು. ಈತ ನಾಲ್ಕನೆಯವನಾಗಿದ್ದ. ಈಗ ದೂರದ ಒಂದು ಮಠದಿಂದ ಪತ್ರ ಬಂದಿತ್ತು. ತಮ್ಮಲ್ಲಿ ಪ್ರವಚನ ಮಾಡುವವರು ಹಾಸಿಗೆ ಹಿಡಿದಿದ್ದಾರೆ, ಸದ್ಯಕ್ಕೆ ಬಂದು ಇರಲಿ, ಮುಂದಿನದು ನೋಡೋಣ ಎಂದು ಅದರಲ್ಲಿ ಬರೆದಿತ್ತು. ಹೋಗಬಹುದೇ ಎಂದು ಕೇಳುವ ಮೊದಲೇ ಶಿಷ್ಯ ಬಟ್ಟೆಯ ಗಂಟು ಕಟ್ಟಿಕೊಂಡು ಬಂದಿದ್ದ.

ಗುರುಗಳು ಗಂಟನ್ನು ನೋಡಿದರು.

"ಕೂತ್ಕೋ ಮರಿ. ಬಸ್ಸಿಗೆ ಇನ್ನೂ ಹೊತ್ತಿದೆ," ಎಂದು ಈ ಕತೆ ಹೇಳಿದರು.

ಒಬ್ಬ ಕಬಡ್ಡಿ ಆಟಗಾರನಿದ್ದ. ಅವನ ಹೆಸರು ಯಮನೂರಪ್ಪ. ಈ ಹೆಸರನ್ನು ನೆನಪಿಟ್ಟುಕೊಳ್ಳಲು ಕಷ್ಟಪಡಬೇಕಾಗಿಲ್ಲ. ಮುಂದೆ ಅದನ್ನು ಹೆಚ್ಚು ಜನ ಬಳಸುವುದಿಲ್ಲ.

ಅವನು ಕಾಲೇಜು ತಂಡದ ರೈಡರ್. ಎದುರಾಳಿಗಳ ಅಂಕಣಕ್ಕೆ ಒಬ್ಬನೇ ನುಗ್ಗಿ, ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತ ಯಾರನ್ನಾದರೂ ಮುಟ್ಟಿ, ಸಿಕ್ಕಿಬೀಳದೆ ಗೆರೆ ದಾಟಿ ಬರುವುದು ಅವನ ಕೆಲಸ. ಅದನ್ನು ಚೆನ್ನಾಗಿ ಮಾಡುತ್ತಿದ್ದ. ಓದು ಮುಗಿದ ವರ್ಷ ದೊಡ್ಡ ಲೀಗಿನ ಹರಾಜಿನ ಪಟ್ಟಿಯಲ್ಲಿ ಅವನ ಹೆಸರು ಬಂತು. ಹರಾಜು ದೂರದ ನಗರದ ಹೋಟೆಲಿನಲ್ಲಿ ನಡೆಯಿತು. ಅವನು ಕಾಲೇಜಿನ ಪಿ.ಟಿ. ಮಾಸ್ತರರ ಮನೆಯಲ್ಲಿ ಟೀವಿಯ ಮುಂದೆ ಕೂತಿದ್ದ. ಅವನ ಹೆಸರು ಕೂಗಿದರು. ತಂಡಗಳ ಮಾಲೀಕರು ಆ ಹೊತ್ತಿಗೆ ನೀರು ಕುಡಿಯುತ್ತಿದ್ದರು. ಯಾರೂ ಬೆಲೆ ಕೂಗದೆ ಸುತ್ತಿಗೆ ಬಿತ್ತು. ಮುಂದಿನ ಹೆಸರು ಕೂಗಿದರು.

"ಇರ್ಲಿ ಬಿಡೋ," ಎಂದರು ಮಾಸ್ತರರು. "ನಿನ್ನ ಹೆಸರು ತಪ್ಪಿಲ್ಲದ ಓದಿದ್ರಲ್ಲ."

ಎರಡು ವಾರದ ಮೇಲೆ ಒಂದು ತಂಡದಿಂದ ಫೋನು ಬಂತು. ಶಿಬಿರಕ್ಕೆ ಬಾ, ಊಟ ಹಾಸಿಗೆ ನಮ್ಮದು, ತಂಡದಲ್ಲಿ ಯಾರಾದರೂ ಬಿದ್ದರೆ ಆ ಜಾಗ ನಿನ್ನದು ಎಂದರು. ಯಾರಾದರೂ ಬಿದ್ದರೆ ಎಂಬ ಮಾತನ್ನು ಅವನು ಶುಭವಾರ್ತೆಯ ಹಾಗೆ ಕೇಳಿಸಿಕೊಂಡ.

ಶಿಬಿರದಲ್ಲಿ ಅವನೂ ಸೇರಿ ಅಂಥವರು ಒಂಬತ್ತು ಜನ ಇದ್ದರು. ತಂಡದವರ ಅಂಗಿಯ ಬೆನ್ನ ಮೇಲೆ ಹೆಸರೂ ಸಂಖ್ಯೆಯೂ ಇದ್ದವು. ಈ ಒಂಬತ್ತು ಬೆನ್ನುಗಳು ಖಾಲಿ. ಇವರು ಪಂದ್ಯ ಆಡುವವರಲ್ಲ. ಭಾನುವಾರ ಎದುರಾಗಲಿರುವ ತಂಡದ ಮುಖ್ಯ ರೈಡರ್ ಆಡುವ ವಿಡಿಯೊವನ್ನು ಸೋಮವಾರ ಇವರಿಗೆ ಕೊಡುತ್ತಿದ್ದರು. ಬುಧವಾರದ ಹೊತ್ತಿಗೆ ಥೇಟ್ ಅವನ ಹಾಗೆ ಆಡಬೇಕು. ತಂಡದ ಏಳು ಜನ ಹಿಡಿಯುವವರು ಇವರನ್ನು ಹಿಡಿದು ಹಿಡಿದು, ಅವನನ್ನು ಹಿಡಿಯಲು ಕಲಿಯುತ್ತಾರೆ.

ಎಂಟು ಜನರಿಗೆ ಇದು ಒಗ್ಗಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ನಡುನಡುವೆ ಅವರವರ ಆಟವೇ ಇಣುಕುತ್ತಿತ್ತು. ಅಂಥವರನ್ನು ಒಬ್ಬೊಬ್ಬರನ್ನಾಗಿ ಬಸ್ಸು ಹತ್ತಿಸಿದರು. ಯಮನೂರಪ್ಪನಲ್ಲಿ ಏನೂ ಇಣುಕಲಿಲ್ಲ.

ಮೊದಲ ವಾರ ಅವನಿಗೆ ಸಿಕ್ಕವನು ಎಡಗಾಲಿನ ರೈಡರ್. ಬುಧವಾರ ಬೆಳಿಗ್ಗೆ ನಮ್ಮ ಆಟಗಾರ ಅಂಕಣಕ್ಕೆ ಬಂದಾಗ ಎಡಭುಜ ತಗ್ಗಿತ್ತು. ಕಬಡ್ಡಿ ಎಂಬ ಸದ್ದು ಮೂಗಿನಿಂದ ಬರುತ್ತಿತ್ತು. ತಂಡದವರಿಗೆ ತಮಾಷೆಯೆನಿಸಿತು. ವಾರವಿಡೀ ಅವನನ್ನು ಎಡಗಾಲ ಎಂದೇ ಕರೆದರು. "ಏ ಎಡಗಾಲ, ಇನ್ನೊಂದು ಇಡ್ಲಿ ಹಾಕಿಸ್ಕೊ, ಭಾನುವಾರ ಹೆಂಗೂ ಸೋಲ್ತೀಯ!" ಎಂದು ಊಟದ ಸಾಲಿನಲ್ಲಿ ಚುಡಾಯಿಸಿದರು. ಅವನು ಇನ್ನೊಂದು ಇಡ್ಲಿ ಹಾಕಿಸಿಕೊಂಡ. ಭಾನುವಾರ ನಿಜವಾದ ಎಡಗಾಲಿನವನು ಬಂದ. ಏಳು ಜನರಿಗೆ ಅವನು ಹಳೆಯ ಪರಿಚಯದವನಂತೆ ಕಂಡ. ಐದು ಸಲ ಹಿಡಿದರು. ಕೋಚ್ ಬಂದು ಆಟಗಾರನ ಬೆನ್ನು ತಟ್ಟಿದರು. "ಶಹಬ್ಬಾಸ್," ಎಂದರು. ಅದರ ಮುಂದೆ ಹೆಸರು ಸೇರಿಸಲು ಹೋಗಿ, ಸ್ವಲ್ಪ ತಡೆದು, ಇನ್ನೊಮ್ಮೆ ಶಹಬ್ಬಾಸ್ ಎಂದರು.

ಎರಡನೆಯ ವಾರದ ಗುರುವಾರ ಅವನು ಊರಿಗೆ ಫೋನು ಮಾಡಿದ.

"ಯಾರ್ರೀ ಮಾತಾಡಾಕತ್ತಿದ್ದು?" ಎಂದು ತಾಯಿ ಕೇಳಿದಳು.

"ನಾನವ್ವಾ."

"ನಾನು ಅಂದ್ರ ಯಾರು?"

ಅವನು ಹೆಸರು ಹೇಳಿದ. ಆಕೆ, "ನನ್ನ ಮಗ ಊರಾಗಿಲ್ರಿ, ಆಟಕ್ಕ ಹೋಗ್ಯಾನ," ಎಂದು ಫೋನು ಇಟ್ಟಳು. ಅಂದಿನಿಂದ ಅವನು ಸೋಮವಾರ ಬೆಳಿಗ್ಗೆ ಮಾತ್ರ, ವಿಡಿಯೊ ಬರುವ ಮೊದಲು, ಊರಿಗೆ ಫೋನು ಮಾಡತೊಡಗಿದ. ಆ ಹೊತ್ತಿನಲ್ಲಿ ಅವನು ಇನ್ನೂ ಯಾರೂ ಆಗಿರುತ್ತಿರಲಿಲ್ಲ.

ಇಲ್ಲಿ ಶಿಷ್ಯ ನಡುವೆ ಬಾಯಿ ಹಾಕಿದ. "ಫೋನಿನಲ್ಲಿ ದನಿ ಬೇರೆಯಾಗಿ ಕೇಳುವುದು ಸಹಜ, ಬುದ್ಧಿ."

"ಇರಬಹುದು," ಎಂದರು ಗುರುಗಳು. "ಆಟಗಾರನೂ ಹಾಗೆಯೇ ಅಂದುಕೊಂಡ." ಕತೆ ಮುಂದುವರಿಸಿದರು.

ಮೂರನೆಯ ವಾರದ ಪಂದ್ಯ ಮುಗಿದ ಮೇಲೆ, ಸೋತ ತಂಡದ ರೈಡರ್ ಇವರ ಕೋಣೆಯ ಬಾಗಿಲಿಗೆ ಬಂದ. ಆರಡಿ ಮೀರಿದ ಆಳು. ಖಾಲಿ ಬೆನ್ನಿನವನನ್ನು ಹುಡುಕಿ ಎದುರಿಗೆ ನಿಂತ.

"ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ನೀನು ಎಲ್ಲಿದ್ದೆ?" ಎಂದು ಕೇಳಿದ.

"ಅಭ್ಯಾಸದಲ್ಲಿದ್ದೆ ಅಣ್ಣ."

"ನಾನು ತಿಂಡಿ ತಿನ್ನುತ್ತಿದ್ದೆ. ಏಳು ಜನ ಮೈಮೇಲೆ ಬಿದ್ದ ಹಾಗಾಯಿತು. ಉಸಿರು ಸಿಗದೆ ನೆಲಕ್ಕೆ ಬಿದ್ದೆ. ಡಾಕ್ಟರು ಗ್ಯಾಸ್ಟ್ರಿಕ್ ಅಂದರು." ಆಮೇಲೆ ಅವನು ಆಟಗಾರನನ್ನು ಮೇಲಿಂದ ಕೆಳಗೆ ನೋಡಿದ. "ಹಾಗೆ ನಿಲ್ಲಬೇಡ," ಎಂದ.

"ಹೇಗೆ?"

ಬಂದವನು ಹೇಳಲಿಲ್ಲ. ಅವನ ಒಂದು ಹೆಬ್ಬೆರಳು ಚಡ್ಡಿಯ ಪಟ್ಟಿಯೊಳಗಿತ್ತು. ಆಟಗಾರನದೂ ಅಲ್ಲೇ ಇತ್ತು. ಬಂದವನು ಬೆರಳು ತೆಗೆದು, ಹಿಂದಿರುಗಿ ನೋಡದೆ ಹೋದ.

ಆಟಗಾರ ಇದನ್ನು ಕೋಚ್‌ಗೆ ಹೇಳಿದ. ಕೋಚ್ ವಿಜ್ಞಾನ ಓದಿದವರು. ಇಂಥದ್ದನ್ನು ನಂಬುವವರಲ್ಲ. ಮುಂದಿನ ಬುಧವಾರ ಹಿಡಿತ ಸ್ವಲ್ಪ ಬಿಗಿಯಾಗಿರಲಿ ಎಂದು ಮಾತ್ರ ಆ ಏಳು ಜನರಿಗೆ ಹೇಳಿದರು. ಆ ಭಾನುವಾರದ ರೈಡರ್ ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಬಂದ. ಪೆಟ್ಟು ಹೇಗಾಯಿತೆಂದು ಅವನಿಗೆ ಗೊತ್ತಿರಲಿಲ್ಲ. ಅದರ ಮುಂದಿನವನು ಬರಲೇ ಇಲ್ಲ. ತಂಡ ಅಂಕಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಪತ್ರಿಕೆಗಳು ಕೋಚ್ ಅವರ ಯೋಜನೆಯನ್ನು ಹೊಗಳಿದವು.

ಇಷ್ಟಾದರೂ ಜಾಗ ಖಾಲಿಯಾಗಲಿಲ್ಲ. ಬೀಳುತ್ತಿದ್ದವರೆಲ್ಲ ಬೇರೆ ತಂಡದವರು. ಋತು ಮುಗಿಯಲು ಮೂರು ವಾರ ಉಳಿದಿತ್ತು. ಮುಗಿದರೆ ಖಾಲಿ ಬೆನ್ನಿನ ಅಂಗಿಯನ್ನು ಒಗೆದು ಹಿಂದಿರುಗಿಸಿ ಬಸ್ಸು ಹತ್ತಬೇಕು.

ಆಗ ಒಂದು ಬುಧವಾರ ಬೆಳಿಗ್ಗೆ ಕೋಚ್ ಹೇಳಿದರು: "ಈ ಸಲದ ಎದುರಾಳಿಗಳಲ್ಲಿ ಹೇಳಿಕೊಳ್ಳುವಂಥ ರೈಡರ್ ಇಲ್ಲ. ಹಾಗಂತ ಹಿಡಿಯುವವರು ಸುಮ್ಮನೆ ಕೂರುವುದು ಬೇಡ. ನಮ್ಮ ರೈಡರ್ ಜ್ವರ ಬಂದು ಮಲಗಿದ್ದಾನೆ. ಇವತ್ತು ಅವನ ಹಾಗೆಯೇ ಆಡು."

ತಂಡದ ಆ ಮುಖ್ಯ ರೈಡರ್ ಒಳ್ಳೆಯವನು. ಆಟಗಾರನಿಗೆ ತನ್ನ ಒಂದು ಜೊತೆ ಬೂಟು ಕೊಟ್ಟಿದ್ದ. ನಿನ್ನದು ಯಾವೂರು ಎಂದು ಆ ಶಿಬಿರದಲ್ಲಿ ಕೇಳಿದವನು ಅವನೊಬ್ಬನೇ. ಅವನ ಆಟ ನೋಡಲು ವಿಡಿಯೊ ಬೇಕಾಗಿರಲಿಲ್ಲ. ಆಟಗಾರ ದಿನವೂ ಅವನನ್ನು ಹತ್ತಿರದಿಂದ ನೋಡುತ್ತಿದ್ದ.

ಇದರಿಂದ ಏನಾಗಬಹುದೆಂದು ಕೋಚ್‌ಗೆ ಹೊಳೆಯಲಿಲ್ಲ. ಆಟಗಾರನಿಗೆ ಹೊಳೆಯಿತು. ತಿಂಡಿಯಿಂದ ಅಭ್ಯಾಸದವರೆಗೆ ಒಂದೂವರೆ ಗಂಟೆ ಇತ್ತು. ಬೇಡ ಸರ್ ಎನ್ನಲು ಎರಡು ಪದ ಸಾಕು. ಅವನು ಬೂಟಿನ ದಾರ ಕಟ್ಟಿಕೊಂಡ.

ಹತ್ತು ಗಂಟೆಗೆ ಏಳು ಜನ ಅವನನ್ನು ಹಿಡಿದರು. ಮೂಲೆಯಲ್ಲಿ ನಿಲ್ಲುವವನೊಬ್ಬ ಬಲಗಾಲು ಹಿಡಿದು ತಿರುಚಿದ. ಆಟಗಾರನಿಗೆ ನೋವಾಗಲಿಲ್ಲ. ಎದ್ದು ಅಂಗಿ ಸರಿಮಾಡಿಕೊಳ್ಳುವಷ್ಟರಲ್ಲಿ ಎರಡನೆಯ ಮಹಡಿಯಿಂದ ಕೂಗು ಕೇಳಿತು. ಎಲ್ಲರೂ ಓಡಿದರು. ಮುಖ್ಯ ರೈಡರ್ ಕಂಬಳಿ ಹೊದ್ದು ಮಲಗಿದ್ದ. ಕಂಬಳಿ ಸರಿಸಿ ನೋಡಿದರೆ ಬಲಮಂಡಿ ತಿರುಗಬಾರದ ಕಡೆಗೆ ತಿರುಗಿತ್ತು. ವರದಿಯಲ್ಲಿ ಪೆಟ್ಟಿನ ಕಾರಣ ಕೇಳಿದ ಜಾಗದಲ್ಲಿ ಡಾಕ್ಟರು ‘ನಿದ್ದೆಯಲ್ಲಿ’ ಎಂದು ಬರೆದರು. ಓಡಿ ಬಂದವರಲ್ಲಿ ಆಟಗಾರ ಎಲ್ಲರಿಗಿಂತ ಹಿಂದಿದ್ದ. ಅವನು ಬಲಗಾಲನ್ನು ಎಳೆಯುತ್ತಿದ್ದ.

ಜಾಗ ಖಾಲಿಯಾಯಿತು.

ಅಂಗಿಯ ಮೇಲೆ ಅಚ್ಚು ಹಾಕಿಸಲು ಹೆಸರು ಬೇಕಾಯಿತು. ಕೋಚ್ ಶಿಬಿರದ ರಿಜಿಸ್ಟರ್ ತರಿಸಿ ನೋಡಿದರು. ಆಮೇಲೆ ಆಟಗಾರನನ್ನು ಕರೆದರು.

"ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ನೀನೇ ಇಳಿಯುತ್ತೀಯ. ಯಾರ ನಕಲೂ ಬೇಡ. ನಿನ್ನ ಆಟ ಆಡು."

"ಅದರ ವಿಡಿಯೊ ಇದೆಯಾ ಸರ್?"

ಕೋಚ್ ನಕ್ಕರು. ಆಟಗಾರ ನಗಲಿಲ್ಲ. ಕೋಚ್ ನಗುವುದನ್ನು ನಿಲ್ಲಿಸಿದರು.

ಪಿ.ಟಿ. ಮಾಸ್ತರರಿಗೆ ಹೇಳಿಕಳಿಸಿದರು. ಅವರ ಫೋನಿನಲ್ಲಿ ಅಂತರ ಕಾಲೇಜು ಪಂದ್ಯದ ಎರಡು ನಿಮಿಷದ ವಿಡಿಯೊ ಉಳಿದಿತ್ತು. ಅದರಲ್ಲಿ ತೆಳ್ಳನೆಯ ಒಬ್ಬ ಯುವಕ ಮಣ್ಣಿನ ಅಂಕಣದಲ್ಲಿ ಓಡಾಡುತ್ತಿದ್ದ. ಗೆರೆ ದಾಟಿ ಬಂದಾಗಲೆಲ್ಲ ನಗುತ್ತಿದ್ದ. ಆಟಗಾರ ಸೋಮವಾರವೂ ಮಂಗಳವಾರವೂ ಅದನ್ನೇ ನೋಡಿದ.

"ಇವನು ಹಿಂದಿರುಗುವಾಗ ಯಾವಾಗಲೂ ಎಡಕ್ಕೇ ತಿರುಗುತ್ತಾನೆ ಸರ್. ಹಿಡಿಯುವುದು ಸುಲಭ," ಎಂದು ಕೋಚ್‌ಗೆ ವರದಿ ಒಪ್ಪಿಸಿದ.

"ಹಾಗಾದರೆ ತಿದ್ದಿಕೋ."

"ತಿದ್ದಿದರೆ ಅವನ ಹಾಗೆ ಆಗುವುದಿಲ್ಲವಲ್ಲ ಸರ್."

ಬುಧವಾರ ಹತ್ತು ಗಂಟೆಗೆ ಏಳು ಜನ ಅವನನ್ನು ಹಿಡಿದು ಕೆಡವಿದರು. ಅಭ್ಯಾಸಬಲದಿಂದ ಬಿಗಿಯಾಗಿಯೇ ಹಿಡಿದರು. ಎದೆಯ ಮೇಲೆ ನಾಲ್ಕು ಜನ ಇದ್ದರು. ಎಂದಿನಂತೆ ಆಟಗಾರನಿಗೆ ನೋವಾಗಲಿಲ್ಲ.

ಭಾನುವಾರ ಮಾಸ್ತರರು ಅವನ ತಾಯಿಯನ್ನು ರೈಲಿನಲ್ಲಿ ಕರೆತಂದರು. ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಆಟಗಾರ ಇಳಿದ. ಬೆನ್ನ ಮೇಲೆ ಹೆಸರಿತ್ತು. ನುಗ್ಗಿದ, ಮುಟ್ಟಿದ, ಗೆರೆ ದಾಟಿ ಬಂದು ನಕ್ಕ. ಪ್ರತಿ ಸಲವೂ ಅಷ್ಟೇ ನಕ್ಕ. ಒಂಬತ್ತು ಅಂಕ ತಂದ. ತಂಡ ಗೆದ್ದಿತು.

"ಭಾಳ ಚೊಲೋ ಮಾಡ್ಯಾನ," ಎಂದರು ಮಾಸ್ತರರು. "ಥೇಟ್ ನಮ್ಮ ಯಮನೂರನ ಹಂಗ." ಹೇಳಿದ ಮೇಲೆ ತಾವು ಹೇಳಿದ್ದು ಅವರಿಗೇ ಕೇಳಿಸಿತು. ಕನ್ನಡಕ ತೆಗೆದು ಒರೆಸಿಕೊಂಡರು.

ತಾಯಿ ಅಂಕಣದ ಕಡೆ ನೋಡುತ್ತಿರಲಿಲ್ಲ. ಆಟಗಾರರು ಒಳಗಿನಿಂದ ಬರುವ ಬಾಗಿಲ ಕಡೆ ನೋಡುತ್ತಿದ್ದಳು.

"ಇವನದು ಮುಗಿದ ಮ್ಯಾಲೆ ನನ್ನ ಮಗ ಬರ್ತಾನೇನ್ರಿ?" ಎಂದು ಕೇಳಿದಳು.

ಪಂದ್ಯ ಮುಗಿದ ಮೇಲೆ ಆಟಗಾರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತ. ಫೋಟೊ ತೆಗೆಯುವವರು ಬಂದರು, ನಿಂತ. ಮಾಲೀಕರು ಬಂದರು, ಕೈಕುಲುಕಿದ. ಅವರೆಲ್ಲ ಹೋದ ಮೇಲೂ ಕೂತೇ ಇದ್ದ. ಬುಧವಾರ ಹತ್ತು ಗಂಟೆಗೆ ನೀನು ಎಲ್ಲಿದ್ದೆ, ನನ್ನ ಉಸಿರು ನಿಂತಿತು ಎಂದು ಕೇಳಲು ಆ ವಿಡಿಯೊದಲ್ಲಿ ನಗುತ್ತಿದ್ದ ಒಬ್ಬನು ಬರಬೇಕಾಗಿತ್ತು. ಅವನಿಗಾಗಿ ಕಾದ. ಕಸ ಗುಡಿಸುವವರು ಬಂದು ಬೆಂಚಿನ ಕೆಳಗೂ ಗುಡಿಸಿಕೊಂಡು ಹೋದರು.

ಆ ಒಬ್ಬನು ಬರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕತೆ ಇನ್ನೂ ಇದೆಯೆಂದು ಸ್ವಲ್ಪ ಹೊತ್ತು ಕಾದ. ಇರಲಿಲ್ಲ.

"ಕೊನೆಗೆ ಅವನಿಗೆ ತಂಡದಲ್ಲಿ ಜಾಗ ಸಿಕ್ಕಿತೋ ಇಲ್ಲವೋ, ಬುದ್ಧಿ?"

"ಸಿಕ್ಕಿತು. ಈಗಲೂ ಆಡುತ್ತಿದ್ದಾನೆ."

"ಹಾಗಾದರೆ," ಎಂದು ಶಿಷ್ಯ ಮೆಲ್ಲಗೆ, ಒಂದೊಂದೇ ಮಾತನ್ನು ತೂಗಿ ಇಡುವವನಂತೆ ಹೇಳಿದ, "ಕರೆದವರದು ತಪ್ಪಲ್ಲ. ಹೋದವನದೂ ತಪ್ಪಲ್ಲ. ಅವನು ತನ್ನನ್ನು ಜೊತೆಗೆ ಕರೆದುಕೊಂಡು ಹೋಗಲಿಲ್ಲ, ಅಷ್ಟೇ. ಎಚ್ಚರವಿದ್ದವನು ಹೋಗಬಹುದು."

"ಚೆನ್ನಾಗಿ ಹೇಳಿದೆ ಮರಿ," ಎಂದರು ಗುರುಗಳು, "ಆದರೆ ಅದನ್ನು ನನ್ನ ದನಿಯಲ್ಲಿ ಹೇಳಿದೆ."