ಗೊರವಂಕದ ಮೊದಲ ಪಾಠ

ಈ ಕಥೆಯನ್ನು ಮೊದಲು ಹೇಳಿದವರು ನಮ್ಮೂರ ಭಜನೆಯಲ್ಲಿ ತಾಳ ಹಾಕುತ್ತಿದ್ದ ಗುರುಲಿಂಗಜ್ಜ.

ಒಂದು ಹುಣಸೆಮರದಲ್ಲಿ ಹಕ್ಕಿಗಳ ಶಾಲೆ ಇತ್ತಂತೆ. ಕಾಯಂ ಮೇಷ್ಟ್ರುಗಳಿಗೆ ಇರಲು ಪೊಟರೆ, ವರ್ಷವಿಡೀ ಕಾಳು. ಮರಿಗಳಿಗೆ ಮಾತು ಕಲಿಸುವ ಗೊರವಂಕಕ್ಕೆ ಮಾತ್ರ 'ಅತಿಥಿ ಶಿಕ್ಷಕಿ' ಎಂಬ ಹೆಸರು, ಕೂರಲು ಒಂದು ಕೊಂಬೆ. ಬೇಸಿಗೆ ರಜೆ ಬಂತೆಂದರೆ ಕಾಳೂ ಇಲ್ಲ, ಕೊಂಬೆಯೂ ಇಲ್ಲ. ಅತಿಥಿಯನ್ನು ಕಳಿಸುವಾಗ ಬರೀ 'ಹೋಗಿ' ಎನ್ನಬಾರದು, 'ಹೋಗಿ ಬನ್ನಿ' ಎನ್ನಬೇಕು ಎಂಬುದೇ ಅದು ಕಲಿಸುತ್ತಿದ್ದ ಮೊದಲ ಪಾಠ. ಪ್ರತಿ ವರ್ಷ ಕೊನೆಯ ದಿನ ಮರವೆಲ್ಲ "ಹೋಗಿ ಬನ್ನಿ" ಎನ್ನುತ್ತಿತ್ತು. ಆ ಮಾತನ್ನೇ ನಂಬಿ ಗೊರವಂಕ ಹನ್ನೊಂದು ವರ್ಷ ಮರಳಿ ಬಂತು.

ಆ ವರ್ಷ ಅದಕ್ಕೆ ಮೊಟ್ಟೆಯಿಡುವ ದಿನ ಹತ್ತಿರವಾಗಿತ್ತು. ಶಾಲೆಯ ಮುಖ್ಯಸ್ಥ ಗಿಳಿ, ಅದರ ಹಳೆಯ ಶಿಷ್ಯನೇ. ಗೊರವಂಕ ಅಂಜುತ್ತಲೇ ಅವನನ್ನು ಕೇಳಿತು: "ಸಾರ್, ಕೆಳಗಿನ ಪೊಟರೆ ಖಾಲಿ ಇದೆಯಲ್ಲ, ಈ ಸಲವಾದರೂ ನನ್ನನ್ನು ಕಾಯಂ ಮಾಡಬಾರದೆ?"

"ಏನು ಟೀಚರ್, ಅತಿಥಿಯಾಗಿ ಬಂದವರು ಮನೆಯನ್ನೇ ಕೇಳುವುದುಂಟೆ? ಏನೂ ಕೇಳದೆ ಪಾಠ ಮಾಡಲು ನೂರು ಹಕ್ಕಿ ಹೊರಗೆ ಕಾದಿವೆ," ಎಂದಿತು ಗಿಳಿ. ಆಮೇಲೆ ಕೊಂಬೆಯ ತುದಿಯವರೆಗೂ ಜೊತೆಗೆ ಬಂದು, ವಿನಯದಿಂದ ತಲೆಬಾಗಿ, "ಹೋಗಿ," ಎಂದಿತು.

ಗೊರವಂಕ ಅಭ್ಯಾಸಬಲದಿಂದ ತಿದ್ದಿತು: "'ಹೋಗಿ ಬನ್ನಿ' ಅನ್ನಬೇಕಪ್ಪ. ಮರೆತೆಯಾ?"

"ಮರೆತಿಲ್ಲ, ಟೀಚರ್."

ದೇವರ ಮುಂದೆ ದೀಪ ಹಚ್ಚುವಾಗ ಅಕ್ಷರ ಕಲಿಸಿದವರನ್ನೂ ಒಮ್ಮೆ ನೆನೆಯಿರಿ. ನೆನೆದು, ಈ ಕಥೆಯನ್ನು ಇನ್ನೊಬ್ಬರಿಗೆ ಹೇಳಿ.