ಮೊಸಳೆ ಬಾಯಿ ಮುಚ್ಚಿದರೂ ಹಲ್ಲು ಏಕೆ ಕಾಣುತ್ತದೆ?

ಜಗತ್ತು ಆಗಷ್ಟೇ ಹುಟ್ಟಿತ್ತು. ಬೆಟ್ಟಗಳು ಇನ್ನೂ ಬೆಚ್ಚಗಿದ್ದವು. ಮೊಸಳೆಗೆ ಹಲ್ಲೇ ಇರಲಿಲ್ಲ. ಅಷ್ಟು ದೊಡ್ಡ ಬಾಯಿ ಇಟ್ಟುಕೊಂಡು ಪಾಚಿ ತಿಂದು ಬದುಕುತ್ತಿತ್ತು. ನಗಬೇಡ. ಆಗ ಎಲ್ಲರೂ ನಕ್ಕಿದ್ದೇ ತಪ್ಪಾಯಿತು.

ಕೃಷ್ಣೆಯ ದಂಡೆಯಲ್ಲಿ ಕಮ್ಮಾರರ ಮೋನವ್ವ ಮಗಳು ಚಂದವ್ವನೊಂದಿಗೆ ಇದ್ದಳು. ಕಾಡಿಗೆ ಹೋಗುವವರೆಲ್ಲ ಅವಳು ಮಾಡಿದ ಚೂರಿಯನ್ನೇ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಬಿದಿರು ಕಡಿದರೂ ಎಲುಬು ಕಡಿದರೂ ಅದು ಮುರಿಯುತ್ತಿರಲಿಲ್ಲ.

ಮೋನವ್ವ ಉಕ್ಕನ್ನು ತಟ್ಟಿ, ದನಿ ಕೇಳಿ ಆರಿಸುತ್ತಿದ್ದಳು. ಬಡಿದು, ಕೆಂಪಗೆ ಕಾಯಿಸಿ, ನೀರಿಗೆ ಅದ್ದುತ್ತಿದ್ದಳು. ಆಗ ಉಕ್ಕು ಗಟ್ಟಿಯಾಗುತ್ತದೆ, ಆದರೆ ಮಡಕೆಯಂತೆ ಒಡೆಯುತ್ತದೆ. ಅದಕ್ಕೇ ಮತ್ತೆ ಬಿಸಿ ಮರಳಿನ ಮೇಲಿಟ್ಟು, ಒಣಹುಲ್ಲಿನ ಬಣ್ಣ ಬರುವವರೆಗೆ ಕಾಯುತ್ತಿದ್ದಳು. ಅದೇ ಹದ.

ಒಂದು ಬೆಳಿಗ್ಗೆ ನೀರಿಗೆ ಬಂದ ಚಂದವ್ವನನ್ನು ಮೊಸಳೆ ಬಾಲದಿಂದ ಕೆಡವಿ, ಹೊಳೆಯೊಳಗಿನ ಬಂಡೆಗೆ ನೂಕಿಕೊಂಡು ಹೋಗಿ ಕಾಲಡಿ ಒತ್ತಿ ಹಿಡಿಯಿತು.

“ಮೋನವ್ವಾ, ನಿನ್ನ ಚೂರಿಯಂಥಾ ಹಲ್ಲು ಮಾಡಿಕೊಡು. ಕೊಟ್ರ ಮಗಳನ್ನ ಬಿಡ್ತೀನಿ. ಇಲ್ಲಾಂದ್ರ ನೀರಾಗ ಮುಳುಗಸ್ತೀನಿ.”

ಕುಲುಮೆ ಊದುವ ತಿದಿಯೊಳಗಿನ ಗಾಳಿ ಹೇಳಿತು, “ಕೊಡಬ್ಯಾಡವ್ವ. ಆ ಬಾಯಿಗೆ ಹಲ್ಲು ಬಂದ್ರ ದಂಡ್ಯಾಗ ಒಬ್ರೂ ಉಳಿಯೂದಿಲ್ಲ.”

“ಕೊಡದಿದ್ರ ನನ್ನ ಕೂಸು ಉಳಿಯೂದಿಲ್ಲಲ್ಲ!” ಎಂದಳು ಮೋನವ್ವ.

ಕುಲುಮೆಯ ಬೆಂಕಿ ಮೆಲ್ಲಗೆ ಹೇಳಿತು, “ಹದ ಮಾಡದನ ಕೊಡು. ಮೊದಲ್ನೇ ಕಡತಕ್ಕ ಮುರೀತಾವ.”

ಮೋನವ್ವ ಹಾಗೇ ಮಾಡಿದಳು. ಕಾಯಿಸಿದಳು, ಅದ್ದಿದಳು, ಬುಟ್ಟಿಗೆ ಹಾಕಿದಳು. ಕಾಯಿಸಿದಳು, ಅದ್ದಿದಳು, ಬುಟ್ಟಿಗೆ ಹಾಕಿದಳು. ಕಣ್ಣು ಮಾತ್ರ ಮಗಳ ಮೇಲೆಯೇ ಇತ್ತು.

ನಡುವೆ ಚಂದವ್ವ “ಯವ್ವಾ!” ಎಂದು ಚೀರಿದಳು. ಮೋನವ್ವನ ಜೀವ ಬಾಯಿಗೆ ಬಂತು. ಆ ಹೊತ್ತಿನಲ್ಲಿ ಕೈ ತನ್ನ ರೂಢಿಯಂತೆ ಎರಡು ಹಲ್ಲನ್ನು ಮರಳಿನ ಮೇಲಿಟ್ಟಿತು. ಬಣ್ಣ ತಿರುಗಿದ ಮೇಲೆ ಎತ್ತಿ ಬುಟ್ಟಿಗೆ ಹಾಕಿತು. ಅವಳಿಗೆ ಗೊತ್ತೇ ಆಗಲಿಲ್ಲ.

ಮೋನವ್ವ ದಂಡೆಯಿಂದ ಬುಟ್ಟಿಯನ್ನು ಬಂಡೆಗೆ ಎಸೆದಳು. ಮೊಸಳೆ ಚಂದವ್ವನ ಮೇಲಿನ ಕಾಲು ತೆಗೆಯದೆಯೇ ಹಲ್ಲುಗಳನ್ನೆಲ್ಲ ಒಸಡಿಗೆ ಸಿಕ್ಕಿಸಿಕೊಂಡಿತು.

“ಆ ಕಲ್ಲು ಕಡದು ನೋಡು, ಮೊಸಳೆಪ್ಪಾ,” ಎಂದಳು ಮೋನವ್ವ.

ಮೊಸಳೆ ಕಡಿಯಿತು. ಹಲ್ಲುಗಳು ಪಟಪಟನೆ ಮುರಿದು ಉದುರಿದವು. ನೋವಿಗೆ ಅದರ ಕಾಲು ಸಡಿಲವಾಯಿತು.

“ಓಡಿ ಬಾರವ್ವಾ!” ಎಂದು ಮೋನವ್ವ ಕೂಗಿದಳು.

ಚಂದವ್ವ ನೀರಿಗೆ ಹಾರಿದಳು. ದಂಡೆ ಮೂರೇ ಮಾರು. ತಾಯಿ ಕೈ ಚಾಚಿದಳು. ಬೆರಳಿಗೆ ಬೆರಳು ತಾಗಿತು. ಅಷ್ಟರಲ್ಲಿ ಮೊಸಳೆ ಹಿಂದಿನಿಂದ ಬಾಯಿ ಹಾಕಿತು.

ಬರೀ ಒಸಡಾಗಿದ್ದರೆ ಹುಡುಗಿಯ ಕಾಲು ಜಾರಿ ಬರುತ್ತಿತ್ತು. ಆದರೆ ಎರಡು ಹಲ್ಲು ಉಳಿದಿದ್ದವು. ಅವು ಮುರಿಯಲಿಲ್ಲ, ಬಾಗಲಿಲ್ಲ, ಬಿಡಲಿಲ್ಲ. ಮೋನವ್ವನ ಕೆಲಸ ಯಾವತ್ತೂ ಯಾರಿಗೂ ಕೈಕೊಟ್ಟಿರಲಿಲ್ಲ.

“ಹೊಳಿಯವ್ವಾ, ನೀನರ ತಡೀಬಾರದಿತ್ತಾ?” ಎಂದು ಮೋನವ್ವ ಎದೆ ಬಡಿದುಕೊಂಡಳು.

“ತಡಿಯಾಕ ನನಗ ಕೈ ಇಲ್ಲವ್ವ,” ಎಂದು ಹೊಳೆ ಅತ್ತಿತು.

ಮೋನವ್ವ ಮತ್ತೆ ಕುಲುಮೆ ಹೊತ್ತಿಸಲಿಲ್ಲ. ಆ ಸಂಕಟ ಯಾವ ತಾಯಿಗೂ ಬೇಡ.

ಮುರಿದ ಹಲ್ಲಿನ ಬೇರುಗಳು ಮೊಸಳೆಯ ಒಸಡಿನಲ್ಲೇ ಚಿಗುರಿದವು. ಅವಕ್ಕೂ ಹದವಿಲ್ಲ, ಇವತ್ತಿಗೂ ಉದುರುತ್ತವೆ, ಮತ್ತೆ ಹುಟ್ಟುತ್ತವೆ. ಕೆಳದವಡೆಯ ಆ ಎರಡು ಮಾತ್ರ ಅಲುಗದೆ ನಿಂತವು. ಕೊನೆಗೆ ಮೇಲ್ದವಡೆಯೇ ತಗ್ಗಾಗಿ ಅವಕ್ಕೆ ಜಾಗ ಬಿಟ್ಟಿತು.

ಮೊಸಳೆ ಬಿಸಿಲು ಕಾಯಿಸುವಾಗ ದೂರದಿಂದಲೇ ನೋಡು: ಬಾಯಿ ಪೂರ್ತಿ ಮುಚ್ಚಿದರೂ ಕೆಳದವಡೆಯಿಂದ ಆಚೆಗೊಂದು ಈಚೆಗೊಂದು ಹಲ್ಲು ಹೊರಗೆ ಕಾಣುತ್ತದೆ, ಅವೇ ಮೋನವ್ವ ಮಗಳನ್ನು ನೋಡುತ್ತ ಮೈಮರೆತು ಹದ ಮಾಡಿದ ಹಲ್ಲುಗಳು.